ಇಪ್ಪತ್ತೊಂಬತ್ತನೇ ಓಟ: ಇಸ್ತಬ್ರಾಕ್ ಅನ್ನೋ ಕುದುರೆ

ಹೋದ ಭಾನುವಾರ ನಮ್ಮ ಓದುಗರ ಬಳಗದಲ್ಲಿ ಒಂದು ಕುದುರೆ ಬಗ್ಗೆ ಮಾತಾಡಿದ್ದೆ, ಬರಕ್ಕಾಗದೇ ಇದ್ದೋರು ಬರೆದು ಹಾಕಿ ಅಂತ ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಇಳಿಸಿದೀನಿ, ಅಲ್ಲಿ ಟೈಮ್ ಸಾಲದೇ ಬಿಟ್ಟಿದ್ದನ್ನೂ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ರೇಸ್ ಕೋರ್ಸ್ ಒಳಗೆ ಒಂದ್ಸಲನಾದ್ರೂ ಹೋಗಿರೋರು ಎಷ್ಟು ಜನ, ಕೈ ಎತ್ತಿ ನೋಡೋಣ. ಆರು ಜನ. ಸರಿ. ಉಳಿದೋರಿಗೆ ರೇಸು ಅಂದ ತಕ್ಷಣ ಮನೆ ಮಠ ಕಳ್ಕೊಳ್ಳೋ ಜೂಜು ಅಂತಾನೇ ತಲೆಗೆ ಬರುತ್ತೆ, ಅದು ತಪ್ಪು ಅಂತ ನಾನು ಹೇಳಲ್ಲ, ಹಾಗೆ ಹಾಳಾದ ಮನೆಗಳನ್ನ ನಾನೂ ಹತ್ತಿರದಿಂದ ನೋಡಿದೀನಿ. ಆದ್ರೆ ನಾನು ಆ ಕಾಂಪೌಂಡ್ ಒಳಗೆ ಹೋಗಿದ್ದು ಹಿಂದಿನ ಗೇಟಿಂದ. ನಮ್ಮಪ್ಪ ರೇಸ್ ಕುದುರೆಗಳಿಗೆ ಲಾಳ ಕಟ್ತಿದ್ರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗೋರು, ಸ್ಕೂಲ್ ರಜಾ ಇದ್ರೆ ನನ್ನನ್ನೂ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗೋರು. ಕುದುರೆ ಕಾಲನ್ನ ಎರಡು ಮೊಣಕಾಲಿನ ಮಧ್ಯೆ ಹಿಡ್ಕೊಂಡು, ಹಳೇ ಲಾಳದ ಮೊಳೆ ಕಿತ್ತು, ಗೊರಸಿಗೆ ಅರ ಹಾಕಿ ಉಜ್ಜಿ ಮಟ್ಟ ಮಾಡಿ, ಹೊಸಾದು ಕೂರಿಸಿ ಹೊಡೆಯೋರು, ಓಡೋ ದಿನ ಹತ್ರ ಬಂದ್ರೆ ಕಬ್ಬಿಣದ್ದು ತೆಗೆದು ಹಗುರವಾದ ಅಲ್ಯೂಮಿನಿಯಂ ಲಾಳ ಹಾಕೋರು. ಎಲ್ಲ ಮುಗಿದ ಮೇಲೆ ಕಾಲು ಕೆಳಗೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಸುಮ್ನೆ ನಿಂತ್ಕೊಳ್ಳೋರು. ಹಸಿವಾಗಿ ನಾನು ಹೋಗೋಣ ಬಾ ಅಂತ ಎಳೆದ್ರೆ, ‘ಇರೋ, ಕಾಲು ಹೆಂಗೆ ಊರ್ತಾನೆ ನೋಡು’ ಅನ್ನೋರು. ಪೂರ್ತಿ ಭಾರ ಹಾಕ್ತಾನಾ, ಇಲ್ಲ ಗೊರಸಿನ ಮುಂದಿನ ತುದಿ ಮಾತ್ರ ತಾಗಿಸ್ತಾನಾ, ಕಿವಿ ಯಾವ ಕಡೆ ತಿರುಗಿದೆ, ಅದನ್ನ ನೋಡದೇ ಅಪ್ಪ ಯಾವ ಲಾಯದಿಂದಲೂ ಹೊರಗೆ ಬಂದಿದ್ದು ನನಗೆ ನೆನಪಿಲ್ಲ. ಕುದುರೆನ ಅವರು ‘ಅದು’ ಅಂತಾನೂ ಕರೀತಿರಲಿಲ್ಲ. ಹಾಗಾಗಿ ನಾನೂ ಇವತ್ತು ಈ ಕುದುರೆನ ಅವನು ಅಂತಾನೇ ಕರೀತೀನಿ.

ಅವನ ಹೆಸರು ಇಸ್ತಬ್ರಾಕ್. ಅರಬ್ಬಿ ಪದ, ಜರತಾರಿ ರೇಷ್ಮೆ ಬಟ್ಟೆ ಅಂತ ಅರ್ಥ. ಐರ್ಲೆಂಡಿನವನು, ಹುಟ್ಟಿದ್ದು 1992 ಮೇ 23.

ಅವನ ಕಥೆಗೆ ಮುಂಚೆ ಹರ್ಡಲ್ ರೇಸು ಅಂದ್ರೇನು ಅಂತ ಹೇಳ್ಬೇಕು, ಯಾಕಂದ್ರೆ ನಮ್ಮ ಬೆಂಗಳೂರು ಮೈಸೂರಲ್ಲಿ ಓಡ್ಸೋದು ಬರೀ ಫ್ಲಾಟ್ ರೇಸು, ಸಪಾಟು ಹುಲ್ಲಿನ ಮೇಲೆ ಓಟ ಅಷ್ಟೇ. ಹರ್ಡಲ್ ಅನ್ನೋ ಪದಕ್ಕೆ ಡಿಕ್ಷನರಿ ನೋಡಿದ್ರೆ ಅಡೆತಡೆ ಅಂತ ಇರುತ್ತೆ. ಅದರ ಮೂಲ ಅರ್ಥಕ್ಕೆ ಹಳ್ಳಿ ಕಡೆಯವರ ಬಾಯಲ್ಲಿ ಸರಿಯಾದ ಪದ ಇದೆ ನೋಡಿ: ತಡಿಕೆ. ಕುರಿ ಕೂಡಕ್ಕೆ ಕಡ್ಡಿ ಹೆಣೆದು ನಿಲ್ಲಿಸ್ತಾರಲ್ಲ, ಬೇಕಾದಾಗ ಎತ್ಕೊಂಡು ಹೋಗಿ ಇನ್ನೊಂದು ಹೊಲದಲ್ಲಿ ನೆಡ್ತಾರಲ್ಲ, ಅದೇ. ಇಂಗ್ಲೆಂಡಲ್ಲೂ ಕುರಿ ಕೂಡಕ್ಕೆ ಬಳಸ್ತಿದ್ದ ತಡಿಕೆನೇ ರೇಸಿಗೆ ಬಂದಿದ್ದು. ಕೆಳಗಿಂದ ಮೇಲಿನವರೆಗೆ ಮೂರೂವರೆ ಅಡಿ ಇರುತ್ತೆ, ಆದ್ರೆ ಕುದುರೆ ಓಡೋ ದಿಕ್ಕಿಗೆ ಓರೆಯಾಗಿ ನೆಡೋದ್ರಿಂದ ನಿಂತಾಗ ಎತ್ತರ 3 ಅಡಿ ಚಿಲ್ಲರೆ. ಕಾಲು ತಾಗಿದ್ರೆ ಬಗ್ಗುತ್ತೆ. ಸ್ಟೀಪಲ್‌ಚೇಸ್ ಅಂತ ಇನ್ನೊಂದಿದೆ, ಅದರಲ್ಲಿ ಬೇಲಿ ಕನಿಷ್ಠ ನಾಲ್ಕೂವರೆ ಅಡಿ, ಗಟ್ಟಿಯಾಗಿರುತ್ತೆ. ಅಲ್ಲಿ ಕುದುರೆ ಮೇಲಕ್ಕೆ ಎಗರ್ಬೇಕು, ಹರ್ಡಲ್‌ನಲ್ಲಿ ಮುಂದಕ್ಕೆ ಎಗರ್ಬೇಕು. ಓಟದ ವೇಗ ಮುರೀದೇ ತಡಿಕೆ ಮೇಲೆ ಸವರ್ಕೊಂಡು ಹೋಗೋನೇ ಒಳ್ಳೇ ಹರ್ಡಲರ್.

ಇನ್ನೊಂದು ವಿಷಯ, ಇದು ಅಪ್ಪ ನನಗೆ ಬೆರಳು ಆಡಿಸಿ ತೋರಿಸಿದ್ದು. ಕುದುರೆ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತೆ, ಹಾಗಾಗಿ ಸುತ್ತಲೂ ಕಾಣುತ್ತೆ, ಆದ್ರೆ ಮೂಗಿನ ನೇರಕ್ಕೆ ಹತ್ತಿರದಲ್ಲಿ ಇರೋದು ಕಾಣಲ್ಲ. ಅಂದ್ರೆ ಎಗರೋ ಗಳಿಗೆಯಲ್ಲಿ ತಡಿಕೆ ಅವನಿಗೆ ಸರಿಯಾಗಿ ಕಾಣ್ತಾನೇ ಇರಲ್ಲ. ದೂರದಿಂದ ನೋಡಿದ ಲೆಕ್ಕ ಇಟ್ಕೊಂಡು ಹೆಜ್ಜೆ ಹೊಂದಿಸ್ಕೊಂಡು ನಂಬಿಕೆ ಮೇಲೆ ಎಗರ್ತಾನೆ. ಬೆನ್ನ ಮೇಲೆ ಒಬ್ಬ ಮನುಷ್ಯ, ಅಕ್ಕಪಕ್ಕ ಹತ್ತು ಹನ್ನೆರಡು ಕುದುರೆ. ಇದನ್ನ ಒಂದು ಓಟದಲ್ಲಿ ಎಂಟು ಸಲ ಮಾಡ್ಬೇಕು. ಇದನ್ನ ಯೋಚನೆ ಮಾಡಿದಾಗೆಲ್ಲ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಸರಿ, ಇಸ್ತಬ್ರಾಕ್ ವಿಷಯಕ್ಕೆ ಬರೋಣ. ವಂಶ ನೋಡಿದ್ರೆ ಇವನು ತಡಿಕೆ ಹಾರಕ್ಕೆ ಹುಟ್ಟಿದೋನೇ ಅಲ್ಲ. ಥರೋಬ್ರೆಡ್, ಅಂದ್ರೆ ರೇಸಿಗೆ ಅಂತಾನೇ ಬೆಳೆಸಿದ ಕುದುರೆ ತಳಿ, ಅಂದ್ರೆನೇ ವಂಶಾವಳಿ, ಗಂಡು ಮೂಲ ಹುಡುಕ್ತಾ ಹೋದ್ರೆ ಜಗತ್ತಿನ ಎಲ್ಲ ಥರೋಬ್ರೆಡ್‌ಗಳೂ ಪೂರ್ವ ದೇಶಗಳಿಂದ ಇಂಗ್ಲೆಂಡಿಗೆ ಬಂದ ಮೂರು ಗಂಡು ಕುದುರೆಗಳ ಹತ್ರ ಹೋಗಿ ನಿಲ್ತಾವೆ. ಆ ಲೋಕದಲ್ಲೂ ಇವನದು ರಾಜಮನೆತನ. ಅಪ್ಪ ಸ್ಯಾಡ್ಲರ್ಸ್ ವೆಲ್ಸ್, ಬ್ರಿಟನ್ ಐರ್ಲೆಂಡಿನಲ್ಲಿ 14 ಸಲ ಚಾಂಪಿಯನ್ ಸೈರ್ ಆದೋನು, ಅಂದ್ರೆ ಆ ವರ್ಷ ಅತಿ ಹೆಚ್ಚು ದುಡ್ಡು ಗೆದ್ದ ಮಕ್ಕಳ ಅಪ್ಪ. ತಾಯಿ ಬೆಟ್ಟೀಸ್ ಸೀಕ್ರೆಟ್, ಅವಳ ಅಪ್ಪ ಅಮೆರಿಕದ ಸೆಕ್ರೆಟೇರಿಯಟ್, 1973ರಲ್ಲಿ ಬೆಲ್ಮಾಂಟ್ ರೇಸನ್ನ 31 ಲೆಂತ್, ಅಂದ್ರೆ 31 ಕುದುರೆ ಉದ್ದದ ಅಂತರದಲ್ಲಿ ಗೆದ್ದ ಅದೇ ಸೆಕ್ರೆಟೇರಿಯಟ್. ಅದೇ ತಾಯಿ ಹೊಟ್ಟೆಯಲ್ಲಿ ಮೊದಲೇ ಹುಟ್ಟಿದ ಅಣ್ಣ ಸೆಕ್ರೆಟೊ 1984ರಲ್ಲಿ ಎಪ್ಸಮ್ ಡರ್ಬಿ ಗೆದ್ದಿದ್ದ, ಅದು ಮೂರು ವರ್ಷದ ಕುದುರೆಗಳಿಗೆ ಇಂಗ್ಲೆಂಡಿನ ಅತಿ ಹೆಸರುವಾಸಿ ಫ್ಲಾಟ್ ಓಟ. ಸಾಕಿದ್ದು ದುಬೈ ರಾಜಮನೆತನದ ಹಮ್ದಾನ್ ಅಲ್ ಮಕ್ತೂಮ್. ಇಂಥ ಮನೆ ಹುಡುಗ ಏನಾಗ್ಬೇಕು ಅಂತ ಹುಟ್ಟೋ ಮೊದಲೇ ಬರೆದಿಟ್ಟಿರ್ತಾರೆ. ಮೂರು ವರ್ಷಕ್ಕೆ ಡರ್ಬಿ ಓಡ್ಬೇಕು, ಆಮೇಲೆ ಸ್ಟಡ್ ಫಾರಂ ಸೇರಿ ವಂಶ ಬೆಳೆಸ್ಬೇಕು.

ಅದು ಯಾವುದೂ ಆಗ್ಲಿಲ್ಲ. ಇಲ್ಲೊಂದು ಸಣ್ಣ ಲೆಕ್ಕ ಇದೆ, ಅಲ್ಲಿ ರೇಸ್ ಕುದುರೆಗಳಿಗೆಲ್ಲ ಹುಟ್ಟುಹಬ್ಬ ಜನವರಿ 1ಕ್ಕೆ. ಜನವರಿಯಲ್ಲಿ ಹುಟ್ಟಿದ ಮರಿಗೂ ಮೇ ಕೊನೆಯಲ್ಲಿ ಹುಟ್ಟಿದ ಮರಿಗೂ ಒಂದೇ ವಯಸ್ಸು. ಮೇ 23ಕ್ಕೆ ಹುಟ್ಟಿದ ಇಸ್ತಬ್ರಾಕ್ ಏಳು ತಿಂಗಳ ಕೂಸಾಗಿದ್ದಾಗಲೇ ಕಾಗದದ ಮೇಲೆ ಒಂದು ವರ್ಷದವನು. ಅದೊಂದೇ ಕಾರಣ ಅಂತಲ್ಲ, ಅವನಿಗೆ ದಮ್ಮಿತ್ತು ಆದ್ರೆ ಫ್ಲಾಟ್ ರೇಸಿಗೆ ಬೇಕಾದ ಆ ಕೊನೇ ಚಿಮ್ಮು ಇರಲಿಲ್ಲ. ನ್ಯೂಮಾರ್ಕೆಟ್‌ನಲ್ಲಿ ಜಾನ್ ಗಾಸ್ಡನ್ ಅಂತ ದೊಡ್ಡ ಟ್ರೈನರ್ ಹತ್ರ ಇದ್ದ, 11 ಸಲ ಓಡಿ ಎರಡು ಸಲ ಗೆದ್ದ. ಡರ್ಬಿ ವಿನ್ನರ್ ತಮ್ಮನಿಗೆ ಅದು ಏನೂ ಅಲ್ಲ. ಮಾರಕ್ಕೆ ಹಾಕಿದ್ರು.

ಆ ಲಾಯದಲ್ಲಿ ಗಾಸ್ಡನ್‌ಗೆ ಅಸಿಸ್ಟೆಂಟ್ ಆಗಿ ಜಾನ್ ಡರ್ಕನ್ ಅನ್ನೋ ಐರಿಶ್ ಹುಡುಗ ಇದ್ದ. ಹಿಂದೆ ತಾನೇ ಹರ್ಡಲ್, ಚೇಸ್ ರೇಸುಗಳಲ್ಲಿ ಅಮೆಚೂರ್ ಜಾಕಿಯಾಗಿ ಓಡಿಸಿದ್ದೋನು. ಬೇರೆಯೋರು ಈ ಕುದುರೆಯ ವಂಶಾವಳಿ ನೋಡಿ ನಿರಾಸೆ ಪಡ್ತಿದ್ದಾಗ ಇವನು ಕುದುರೆನೇ ನೋಡಿದ. ಇವತ್ತು ನಾನು ಈ ಮಾತು ಆಡಕ್ಕೆ ಬಂದಿದ್ದೇ ಈ ಒಂದು ವಿಷಯಕ್ಕೆ. ದಿನಾ ಬೆಳಗ್ಗೆ ಇಬ್ಬನಿಯಲ್ಲಿ ಹತ್ತಾರು ಕುದುರೆ ಸಾಲಾಗಿ ಕಣ್ಣ ಮುಂದೆ ಹಾದು ಹೋಗ್ತಿರುತ್ತೆ, ಅದರಲ್ಲಿ ಒಬ್ಬನ ಮೇಲೆ ಕಣ್ಣು ನಿಲ್ಲುತ್ತೆ. ಇವನು ಡರ್ಬಿ ಕುದುರೆ ಅಲ್ಲ, ಆದ್ರೆ ಮುಂದಿನ ವರ್ಷ ಇಂಗ್ಲೆಂಡಿನ ಚೆಲ್ಟನಂ ರೇಸ್ ಕೋರ್ಸಲ್ಲಿ ಹೊಸಬರ ಹರ್ಡಲ್ ಗೆಲ್ತಾನೆ ಅಂತ ಡರ್ಕನ್ ಹೇಳಿದ್ದ ಅನ್ನೋದು ಐರ್ಲೆಂಡಿನ ರೇಸಿನವರೆಲ್ಲ ಹೇಳೋ ಮಾತು. ಅವನು ಹೇಳಿದ್ದು ಜೆ.ಪಿ. ಮೆಕ್‌ಮ್ಯಾನಸ್‌ಗೆ, ಲಿಮೆರಿಕ್‌ನವರು, ಬುಕ್ಕಿಯಾಗಿ ಶುರು ಮಾಡಿ ದೊಡ್ಡ ಹಣಕಾಸಿನ ಕುಳ ಆದವರು, ಹಸಿರು ಹಳದಿ ಪಟ್ಟೆಯ ಜರ್ಸಿ ಅವರದು. 1996ರ ಜುಲೈನಲ್ಲಿ ಹರಾಜಲ್ಲಿ 38,000 ಗಿನಿಗೆ ಇಸ್ತಬ್ರಾಕ್ ಅವರ ಪಾಲಾದ. ಆ ಲೋಕದಲ್ಲಿ ಇನ್ನೂ ಗಿನಿ ಲೆಕ್ಕದಲ್ಲೇ ಹರಾಜು ಕೂಗ್ತಾರೆ, ಒಂದು ಗಿನಿ ಅಂದ್ರೆ ಒಂದು ಪೌಂಡ್ ಐದು ಪೆನ್ನಿ. ಡರ್ಕನ್ ಗಾಸ್ಡನ್ ಕೆಲಸ ಬಿಟ್ಟು ತನ್ನದೇ ಲಾಯ ಶುರು ಮಾಡೋದು, ಈ ಕುದುರೆನ ತಾನೇ ಟ್ರೈನ್ ಮಾಡೋದು ಅಂತ ಮಾತಾಗಿತ್ತು.

ಕೆಲವೇ ತಿಂಗಳಲ್ಲಿ ಡರ್ಕನ್‌ಗೆ ಲ್ಯುಕೇಮಿಯಾ ಅಂತ ಗೊತ್ತಾಯ್ತು. ರಕ್ತದ ಕ್ಯಾನ್ಸರ್.

ಕುದುರೆ ಏಡನ್ ಒಬ್ರೈನ್ ಹತ್ರ ಹೋಯ್ತು. ಇವತ್ತು ಏಡನ್ ಅಂದ್ರೆ ಜಗತ್ತಿನ ಅತಿ ದೊಡ್ಡ ಫ್ಲಾಟ್ ಟ್ರೈನರ್‌ಗಳಲ್ಲಿ ಒಬ್ಬರು, ಆಗ ಇನ್ನೂ ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಹರ್ಡಲ್ ಕುದುರೆಗಳನ್ನೂ ಜೊತೆಗೇ ನೋಡ್ಕೊಳ್ತಿದ್ದ. ಡರ್ಕನ್ ಗುಣ ಆಗಿ ಬಂದ ಮೇಲೆ ಅವನಿಗೇ ಒಪ್ಪಿಸೋಣ ಅನ್ನೋ ಆಸೆ ಎಲ್ಲರಿಗೂ ಇತ್ತು. ಜಾಕಿ ಚಾರ್ಲಿ ಸ್ವಾನ್, ಐರ್ಲೆಂಡಿನಲ್ಲಿ ಒಂಬತ್ತು ಸಲ ಚಾಂಪಿಯನ್ ಜಾಕಿ ಆದೋರು. ಈ ಕುದುರೆ ಜೀವಮಾನದಲ್ಲಿ ಓಡಿದ 29 ಹರ್ಡಲ್ ರೇಸಲ್ಲೂ ಬೆನ್ನ ಮೇಲೆ ಇದ್ದಿದ್ದು ಚಾರ್ಲಿ ಸ್ವಾನ್ ಒಬ್ಬರೇ. ಇದು ಅಪರೂಪ. ಜಾಕಿಗೆ ಏಟಾಗುತ್ತೆ, ಜಗಳ ಆಗುತ್ತೆ, ಬೇರೆ ಕುದುರೆ ಸಿಗುತ್ತೆ, ಏನೋ ಒಂದಾಗಿ ಬದಲಾಗ್ತಾನೇ ಇರ್ತಾರೆ. ಇಲ್ಲಿ ಆಗ್ಲಿಲ್ಲ.

ಮೊದಲ ಹರ್ಡಲ್ ಓಟ 1996ರ ನವೆಂಬರ್‌ನಲ್ಲಿ ಪಂಚ್ಸ್‌ಟೌನ್‌ನಲ್ಲಿ, ತಲೆ ಅಂತರದಲ್ಲಿ ಸೋತ. ತಲೆ ಅಂತರ ಅಂದ್ರೆ ನಿಜವಾಗ್ಲೂ ಕುದುರೆಯ ತಲೆ ಉದ್ದದಷ್ಟು. ಅಲ್ಲಿಂದ ಮುಂದೆ ಸೋಲು ಅನ್ನೋದು ಕಂಡಿದ್ದು ಒಂದೂವರೆ ವರ್ಷ ಆದ್ಮೇಲೆ. ಸತತ 10 ಗೆಲುವು. ಅದರಲ್ಲಿ 1997ರ ಮಾರ್ಚ್‌ದು ಡರ್ಕನ್ ಹೇಳಿದ್ದ ಅದೇ ರೇಸು, ಚೆಲ್ಟನಂನ ನೊವಿಸ್ ಹರ್ಡಲ್, ಎರಡೂವರೆ ಮೈಲಿಗಿಂತ ಜಾಸ್ತಿ ದೂರ. ಓಟಕ್ಕೆ ಮುಂಚೆನೇ ಬೆವೆತು ಮೈಯೆಲ್ಲ ಒದ್ದೆಯಾಗಿತ್ತು, ಕುದುರೆ ಹಾಗೆ ಬೆವೆತ್ರೆ ಶಕ್ತಿಯೆಲ್ಲ ಭಯದಲ್ಲೇ ಖರ್ಚಾಗ್ತಿದೆ ಅಂತ ಲೆಕ್ಕ. ಆದ್ರೂ ಗುಂಪಿನ ಮಧ್ಯೆ ಸಿಕ್ಕಾಕೊಂಡೋನು ದಾರಿ ಮಾಡ್ಕೊಂಡು ಬಂದು, ಕೊನೇ ಏರಲ್ಲಿ ಮೈಟಿ ಮಾಸ್ ಅನ್ನೋ ಕುದುರೆ ಜೊತೆ ಗುದ್ದಾಡಿ ಗೆದ್ದ. ನೋಡಿದ ಕಣ್ಣು ಸುಳ್ಳಾಗ್ಲಿಲ್ಲ.

1998ರ ಜನವರಿಯಲ್ಲಿ ಜಾನ್ ಡರ್ಕನ್ ತೀರಿಕೊಂಡ. 31 ವರ್ಷ. ಅದಾಗಿ ಕೆಲವೇ ದಿನಕ್ಕೆ ಲೆಪರ್ಡ್ಸ್‌ಟೌನ್‌ನಲ್ಲಿ ಐರಿಶ್ ಚಾಂಪಿಯನ್ ಹರ್ಡಲ್ ಇತ್ತು, ಇಸ್ತಬ್ರಾಕ್ ಓಡಿದ, ಗೆದ್ದ. ಆ ದಿನ ಗೆದ್ದ ಕುದುರೆ ನಿಲ್ಲೋ ಜಾಗದಲ್ಲಿ ಜನ ಹೇಗಿದ್ದಿರ್ಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ. ಆರಿಸಿದೋನು ಇಲ್ಲ, ಆರಿಸಿಕೊಂಡಿದ್ದು ಹಬೆ ಬಿಡ್ತಾ ಮುಂದೆ ನಿಂತಿದೆ. ಡರ್ಕನ್ ಹೆಸರಲ್ಲಿ ಈಗ ಪಂಚ್ಸ್‌ಟೌನ್‌ನಲ್ಲಿ ಪ್ರತಿ ಚಳಿಗಾಲಕ್ಕೂ ಒಂದು ದೊಡ್ಡ ಚೇಸ್ ರೇಸು ನಡೆಯುತ್ತೆ.

ಎರಡು ತಿಂಗಳಾದ್ಮೇಲೆ ಚಾಂಪಿಯನ್ ಹರ್ಡಲ್. ಹರ್ಡಲ್ ಲೋಕದ ಅತಿ ದೊಡ್ಡ ಓಟ ಇದೇ, 1927ರಿಂದ ನಡೀತಿದೆ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಕ್ಲೀವ್ ಬೆಟ್ಟದ ಬುಡದಲ್ಲಿರೋ ಚೆಲ್ಟನಂನಲ್ಲಿ, ಪ್ರತಿ ಮಾರ್ಚ್. ಎರಡು ಮೈಲಿ ಚಿಲ್ಲರೆ ದೂರ, ಎಂಟು ತಡಿಕೆ. ಕೊನೇ ತಡಿಕೆ ಆದ್ಮೇಲೆ ಗೆಲುವಿನ ಗೆರೆವರೆಗೂ ಏರು, ಚೆನ್ನಾಗಿ ಓಡ್ಕೊಂಡು ಬಂದ ಎಷ್ಟೋ ಕುದುರೆಗಳ ಎದೆ ಅಲ್ಲೇ ಒಡೆಯುತ್ತೆ. ಆ ವಾರ ಐರ್ಲೆಂಡಿಂದ ಸಾವಿರಾರು ಜನ ಸಮುದ್ರ ದಾಟಿ ಬರ್ತಾರೆ, ಒಂದೊಂದು ಐರಿಶ್ ಕುದುರೆ ಗೆದ್ದಾಗಲೂ ಊರ ಜಾತ್ರೆ ಥರ. ಆ ವರ್ಷ ಇಸ್ತಬ್ರಾಕ್ 12 ಲೆಂತ್‌ನಿಂದ ಗೆದ್ದ. ಒಂದು ಲೆಂತ್ ಅಂದ್ರೆ ಒಂದು ಕುದುರೆ ಉದ್ದ, ಸುಮಾರು ಎಂಟು ಅಡಿ. ಈ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಲವತ್ತು ಅಡಿ ಇರ್ಬಹುದು, ಅದರ ಎರಡರಷ್ಟಕ್ಕೂ ಜಾಸ್ತಿ ಖಾಲಿ ಹುಲ್ಲು ಅವನಿಗೂ ಎರಡನೆಯವನಿಗೂ ಮಧ್ಯೆ. ಜಗತ್ತಿನ ಅತಿ ಒಳ್ಳೇ ಹರ್ಡಲರ್‌ಗಳ ಎದುರಿಗೆ.

ಆ ವಿಡಿಯೋ ನಿಧಾನಕ್ಕೆ ಬಿಟ್ಕೊಂಡು ನೋಡಿ, ನಾನು ಹಾಗೇ ನೋಡಿದ್ದು. ಬೇರೆ ಕುದುರೆಗಳು ತಡಿಕೆ ಹತ್ರ ಬಂದಾಗ ಒಂದು ಕ್ಷಣ ಮೈ ಕೂಡಿಸ್ಕೊಳ್ತಾವೆ, ಮುಂದಿನ ಎರಡು ಕಾಲು ಮಡಚಿ ಮೇಲಕ್ಕೆ ಏಳ್ತಾವೆ, ಇಳಿದ ಮೇಲೆ ಮತ್ತೆ ವೇಗ ಹಿಡಿಯಕ್ಕೆ ಒಂದೆರಡು ಹೆಜ್ಜೆ ಬೇಕು. ಇವನದು ಹಾಗಲ್ಲ, ತಗ್ಗಾಗಿ, ತಡಿಕೆಯ ಮೇಲಂಚಿಗೆ ಎಷ್ಟು ಬೇಕೋ ಅಷ್ಟೇ ಎತ್ತರ, ಕತ್ತು ಮುಂದಕ್ಕೆ ಚಾಚಿ ದಾಟಿ, ಇಳಿಯೋ ಹೆಜ್ಜೆನೇ ಓಟದ ಮೊದಲ ಹೆಜ್ಜೆ. ಪಕ್ಕದವನು ಜೊತೆಗೇ ಎಗರಿರ್ತಾನೆ, ಇಳಿಯೋಷ್ಟರಲ್ಲಿ ಇವನು ಮುಂದೆ. ಚಾರ್ಲಿ ಸ್ವಾನ್ ಅಲ್ಲಿ ಏನೂ ಮಾಡ್ತಿರಲ್ಲ, ಲಗಾಮು ಹಿಡ್ಕೊಂಡು ಅಲ್ಲಾಡದೇ ಕೂತಿರ್ತಾರೆ. ಆ ಏನೂ ಮಾಡದೇ ಇರೋದು ಎಷ್ಟು ಕಷ್ಟ ಅಂತ ಕುದುರೆ ಮೇಲೆ ಕೂತೋರಿಗೆ ಗೊತ್ತು.

ಆಮೇಲಿನ ಗೆಲುವುಗಳನ್ನ ಒಂದೊಂದಾಗಿ ಹೇಳ್ತಾ ಹೋಗಲ್ಲ. 1998-99ರ ಸೀಸನ್ನಲ್ಲಿ ಏಳು ಓಟ, ಏಳೂ ಗೆಲುವು, ಅದರಲ್ಲಿ ಎರಡನೇ ಚಾಂಪಿಯನ್ ಹರ್ಡಲ್ ಕೂಡ. ಐರಿಶ್ ಚಾಂಪಿಯನ್ ಹರ್ಡಲ್ ಒಟ್ಟು ನಾಲ್ಕು ಸಲ. ಇಲ್ಲಿ ಥಿಯೇಟರ್‌ವರ್ಲ್ಡ್ ಅನ್ನೋ ಕುದುರೆ ಹೆಸರು ಹೇಳದೇ ಇದ್ರೆ ಅನ್ಯಾಯ ಆಗುತ್ತೆ. ಅದೇ ಅಪ್ಪ, ಅದೇ ಟ್ರೈನರ್, ಚಾಂಪಿಯನ್ ಹರ್ಡಲ್‌ನಲ್ಲಿ 1997, 1998, 1999 ಮೂರು ವರ್ಷವೂ ಎರಡನೇ ಸ್ಥಾನ, ಅದರಲ್ಲಿ ಎರಡು ಸಲ ಇಸ್ತಬ್ರಾಕ್ ಹಿಂದೆ. ಬೇರೆ ಕಾಲದಲ್ಲಿ ಹುಟ್ಟಿದ್ರೆ ಇವತ್ತು ಅವನ ಬಗ್ಗೆ ಮಾತಾಡ್ತಿದ್ವೋ ಏನೋ.

ಸೋಲಿನ ಲೆಕ್ಕ ಹೇಳ್ತೀನಿ, ಯಾಕಂದ್ರೆ ಒಟ್ಟು ಇರೋದೇ ಆರು. 29 ಓಟ, 23 ಗೆಲುವು. ಉಳಿದ ಆರರಲ್ಲಿ ಮೂರು ಸಲ ಎರಡನೇ ಸ್ಥಾನ, ಎರಡು ಸಲ ಬಿದ್ದಿದ್ದು, ಒಂದು ಸಲ ನಿಲ್ಲಿಸಿದ್ದು. ಮೊದಲ ಓಟದ ಸೋಲು ಹೇಳಿದೆ. ಎರಡನೇದು 1998ರ ಏಪ್ರಿಲ್‌ನಲ್ಲಿ ಏನ್ಟ್ರಿಯಲ್ಲಿ, ಮಳೆ ಬಂದು ನೆಲ ಕೆಸರಾಗಿತ್ತು, ಪ್ರಿಡ್ವೆಲ್ ಅನ್ನೋ ಹಠಮಾರಿ ಕುದುರೆ ಮೇಲೆ ಮೆಕಾಯ್ ಅನ್ನೋ ಇನ್ನೂ ಹಠಮಾರಿ ಜಾಕಿ, ತಲೆ ಅಂತರ. ಮೂರನೇದು ನನಗೆ ತುಂಬಾ ಇಷ್ಟ. 1999ರ ನವೆಂಬರ್, ಫೇರಿಹೌಸ್, ಲೈಮ್‌ಸ್ಟೋನ್ ಲ್ಯಾಡ್. ಕಿಲ್ಕೆನಿ ಜಿಲ್ಲೆಯ ಒಂದು ರೈತರ ಮನೆ ಕುದುರೆ, ಜೇಮ್ಸ್ ಬೋ ಅನ್ನೋರ ಮನೆಯಲ್ಲೇ ಬೆಳೆದಿದ್ದು. ಅವನಿಗೆ ಗೊತ್ತಿದ್ದಿದ್ದು ಒಂದೇ ತಂತ್ರ, ಮೊದಲಿಂದ ಮುಂದೆ ಹೋಗೋದು, ಹಿಂದಿನವರು ಹಿಡಿಯಕ್ಕೆ ಆದ್ರೆ ಹಿಡೀಲಿ ಅಂತ ಓಡ್ತಾನೇ ಇರೋದು. ಅವತ್ತು ಇಸ್ತಬ್ರಾಕ್ ಕೈಲಿ ಹಿಡಿಯಕ್ಕೆ ಆಗ್ಲಿಲ್ಲ. ಡರ್ಬಿ ವಂಶದವನನ್ನ ಹಳ್ಳಿ ಹುಡುಗ ಸೋಲಿಸಿದ ಅಂತ ಐರ್ಲೆಂಡಿನ ಜನ ಈಗಲೂ ಅಷ್ಟೇ ಪ್ರೀತಿಯಿಂದ ಲೈಮ್‌ಸ್ಟೋನ್ ಲ್ಯಾಡ್‌ನ ನೆನೆಸ್ಕೊಳ್ತಾರೆ.

2000ನೇ ಇಸವಿ. ಮೂರನೇ ಚಾಂಪಿಯನ್ ಹರ್ಡಲ್‌ಗೆ ಚೆಲ್ಟನಂಗೆ ಬಂದಾಯ್ತು, ಓಟದ ಹಿಂದಿನ ಸಂಜೆ ಅವನ ಒಂದು ಹೊಳ್ಳೆಯಲ್ಲಿ ರಕ್ತ ಕಾಣಿಸ್ತು. ಒಂದು ಸಣ್ಣ ಎಳೆ ಅಷ್ಟೇ. ಅದಕ್ಕೆ ಯಾಕೆ ಎಲ್ಲರ ಎದೆ ಹೊಡ್ಕೊಳ್ಳುತ್ತೆ ಅಂದ್ರೆ, ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡಕ್ಕೆ ಆಗಲ್ಲ, ಮೂಗೊಂದೇ ದಾರಿ. ನಾಗಾಲೋಟದಲ್ಲಿ ಒಂದು ಹೆಜ್ಜೆಗೆ ಒಂದು ಉಸಿರು, ಆ ಒತ್ತಡಕ್ಕೆ ಶ್ವಾಸಕೋಶದ ಸಣ್ಣ ರಕ್ತನಾಳಗಳು ಒಡೆದು ರಕ್ತ ಬರೋದು ರೇಸ್ ಕುದುರೆಗಳಲ್ಲಿ ಇದ್ದಿದ್ದೇ, ಎಷ್ಟೋ ಕುದುರೆಗಳ ಓಟ ಅದರಿಂದಲೇ ಮುಗಿದಿದೆ. ಆದ್ರೆ ಲಾಯದಲ್ಲಿ ಸುಮ್ನೆ ನಿಂತಿರೋ ಕುದುರೆಗೆ ಯಾಕೆ ಬಂತು? ಡಾಕ್ಟರ್‌ಗಳು ನೋಡಿದ್ರು, ಓಡಿಸೋದಾ ಬಿಡೋದಾ ಅಂತ ಮಾತುಕತೆ ಆಯ್ತು, ಕೊನೆಗೆ ಓಡಿಸಿದ್ರು. ನಾಲ್ಕು ಲೆಂತ್‌ನಿಂದ ಗೆದ್ದ, ಎರಡನೇದು ಹೋರ್ ಲಾ ಲ್ವಾ ಅನ್ನೋ ಫ್ರೆಂಚ್ ಕುದುರೆ, ಈ ಹೆಸರು ನೆನಪಿಟ್ಕೊಳಿ. ಗೆದ್ದಿದ್ರಿಂದ ಅದು ಸರಿಯಾದ ತೀರ್ಮಾನ ಅಂತ ಎಲ್ಲರೂ ಅಂತಾರೆ. ನಾನಾಗಿದ್ರೆ ಓಡಿಸ್ತಿರಲಿಲ್ಲ. ಅಪ್ಪನೂ ಓಡಿಸಿ ಅಂತ ಹೇಳ್ತಿರಲಿಲ್ಲ ಅನ್ಸುತ್ತೆ.

ಮೂರು ಚಾಂಪಿಯನ್ ಹರ್ಡಲ್ ಗೆದ್ದ ಕುದುರೆಗಳು ಅವನಿಗಿಂತ ಮುಂಚೆ ನಾಲ್ಕೇ: ಹ್ಯಾಟನ್ಸ್ ಗ್ರೇಸ್, ಸರ್ ಕೆನ್, ಪರ್ಷಿಯನ್ ವಾರ್, ಸೀ ಯೂ ದೆನ್. ನಾಲ್ಕು ಸಲ ಗೆದ್ದೋನು ಇವತ್ತಿನವರೆಗೂ ಒಬ್ಬನೂ ಇಲ್ಲ. 2001ರಲ್ಲಿ ಇಸ್ತಬ್ರಾಕ್ ಗೆಲ್ತಾನೆ ಅಂತ ಎಲ್ಲರೂ ಕಾಯ್ತಿದ್ರು, ಆಗ ಬಂತು ನೋಡಿ ಕಾಲುಬಾಯಿ ಜ್ವರ. ನಮ್ಮ ಕಡೆ ದನ ಸಾಕಿದೋರಿಗೆ ಇದೇನು ಅಂತ ವಿವರಿಸ್ಬೇಕಾಗಿಲ್ಲ, ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು, ಮೇವು ಮುಟ್ಟಲ್ಲ, ಹಾಲು ಬತ್ತುತ್ತೆ. ಬ್ರಿಟನ್ನಲ್ಲಿ ಆ ವರ್ಷ ರೋಗ ತಡಿಯಕ್ಕೆ ಅಂತ 60 ಲಕ್ಷಕ್ಕೂ ಹೆಚ್ಚು ಕುರಿ ದನ ಹಂದಿಗಳನ್ನ ಕೊಂದು ಹಾಕಿದ್ರು. ಆ ರೋಗ ಒಂಟಿ ಗೊರಸಿನ ಕುದುರೆಗೆ ಬರಲ್ಲ, ಆದ್ರೆ ಜನರ ಬೂಟು, ಗಾಡಿ ಚಕ್ರ, ಕುದುರೆ ಕಾಲಿನ ಮಣ್ಣಲ್ಲಿ ಊರಿಂದ ಊರಿಗೆ ಹೋಗುತ್ತೆ. ಚೆಲ್ಟನಂ ಹಬ್ಬನ ಮೊದಲು ಏಪ್ರಿಲ್‌ಗೆ ಮುಂದಕ್ಕೆ ಹಾಕಿದ್ರು, ಆಮೇಲೆ ಹತ್ತಿರದಲ್ಲೇ ರೋಗ ಕಾಣಿಸ್ಕೊಂಡು ಪೂರ್ತಿ ರದ್ದು ಮಾಡಿದ್ರು. ಕುರಿ ತಡಿಕೆಯಿಂದ ಹುಟ್ಟಿದ ಆಟ ಕುರಿಗಳಿಗೆ ಬಂದ ರೋಗದಿಂದ ನಿಂತೋಯ್ತು. ಆ ರೈತರ ಕೊಟ್ಟಿಗೆಗಳ ಮುಂದೆ ಒಂದು ರೇಸ್ ನಿಂತಿದ್ದು ದೊಡ್ಡದಲ್ಲ ಬಿಡಿ, ಆದ್ರೂ ನಾಲ್ಕನೇ ಗೆಲುವಿನ ವರ್ಷ ಹೋಗಿದ್ದು ಹೋಯ್ತು.

ಇದ್ದಿದ್ರೂ ಗೆಲ್ತಿದ್ದನಾ ಅನ್ನೋದು ಬೇರೆ ಪ್ರಶ್ನೆ. ಆ ಚಳಿಗಾಲ ಅವನು ಬೀಳಕ್ಕೆ ಶುರು ಮಾಡಿದ್ದ. 2000ರ ಡಿಸೆಂಬರ್‌ನಲ್ಲಿ ಲೆಪರ್ಡ್ಸ್‌ಟೌನ್‌ನ ಕೊನೇ ತಡಿಕೆಯಲ್ಲಿ ಬಿದ್ದ, ಮಧ್ಯೆ ಜನವರಿಯಲ್ಲಿ ಐರಿಶ್ ಚಾಂಪಿಯನ್ ಹರ್ಡಲ್ ಗೆದ್ದ, ಆಮೇಲೆ ಮತ್ತೆ ಅದೇ ಲೆಪರ್ಡ್ಸ್‌ಟೌನ್‌ನಲ್ಲಿ ಕೊನೇ ತಡಿಕೆಯಲ್ಲೇ ಬಿದ್ದ. ಅಷ್ಟು ಸಲೀಸಾಗಿ ಎಗರ್ತಿದ್ದೋನು. ವಯಸ್ಸು ಮೊದಲು ಕಾಣೋದು ವೇಗದಲ್ಲಲ್ಲ, ಲೆಕ್ಕದಲ್ಲಿ, ಅಳತೆ ಒಂದು ಗೇಣು ತಪ್ಪುತ್ತೆ. 2001ರ ಡಿಸೆಂಬರ್‌ನಲ್ಲಿ ಮತ್ತೆ ಬಂದು ಒಂದು ಓಟ ತಲೆ ಅಂತರದಲ್ಲಿ ಹೇಗೋ ಗೆದ್ದ. ಅದು ಇಪ್ಪತ್ತಮೂರನೇ ಗೆಲುವು, ಕೊನೇದು.

ಇಲ್ಲಿಗೆ ಬಂತು ಇಪ್ಪತ್ತೊಂಬತ್ತನೇ ಓಟ. 2002ರ ಮಾರ್ಚ್, ಚೆಲ್ಟನಂ, ಚಾಂಪಿಯನ್ ಹರ್ಡಲ್. ಅವನಿಗೆ ಹತ್ತು ವರ್ಷ. ಮೈಯಲ್ಲಿ ನೋವಿದೆ ಅಂತ ಗುಸುಗುಸು ಇತ್ತು, ಆದ್ರೂ ಅವನೇ ಫೇವರಿಟ್, ಯಾಕಂದ್ರೆ ಐರ್ಲೆಂಡಿಂದ ಬಂದ ಜನ ಬುದ್ಧಿ ಹೇಳಿದ ಕಡೆ ಹಾಕದೇ ಮನಸ್ಸು ಹೇಳಿದ ಕಡೆ ದುಡ್ಡು ಹಾಕಿದ್ರು. ಓಟ ಶುರು. ಮೊದಲ ತಡಿಕೆ ದಾಟಿದ. ಎರಡನೇದು ದಾಟಿದ. ಅಷ್ಟೇ, ಚಾರ್ಲಿ ಸ್ವಾನ್ ಲಗಾಮು ಎಳೆದು ನಿಧಾನ ಮಾಡಿ ಅವನನ್ನ ಓಟದಿಂದ ಪಕ್ಕಕ್ಕೆ ತಂದ್ರು. ತುಂಬಿ ತುಳುಕ್ತಿದ್ದ ಸ್ಟ್ಯಾಂಡಿನ ಎದುರಿಗೇ.

ಯೋಚನೆ ಮಾಡಿ. ಟೀವಿಯಲ್ಲಿ ದೇಶ ನೋಡ್ತಿದೆ, ಫೇವರಿಟ್ ಕುದುರೆ, ಇನ್ನೂ ಆರು ತಡಿಕೆ ಬಾಕಿ ಇದೆ, ಇನ್ನೊಂಚೂರು ಓಡಿಸಿ ನೋಡೋಣ ಅನ್ನೋ ಆಸೆ ಯಾರಿಗೆ ಬರಲ್ಲ? ಆದ್ರೆ 28 ಸಲ ಆ ಬೆನ್ನ ಮೇಲೆ ಕೂತೋರಿಗೆ ಎರಡು ಎಗರು ಸಾಕಾಯ್ತು. ಅಪ್ಪ ಹೇಳ್ತಿದ್ರಲ್ಲ ಕಾಲು ಹೆಂಗೆ ಊರ್ತಾನೆ ನೋಡು ಅಂತ, ಸ್ವಾನ್‌ಗೆ ಅದು ಜೀನಿನ ಮೂಲಕ ತೊಡೆಗೆ ಗೊತ್ತಾಗಿದೆ. ಆಮೇಲೆ ಏನಾಯ್ತು ಗೊತ್ತಾ, ಅಷ್ಟು ಹೊತ್ತಿಗೆ ತಮ್ಮ ದುಡ್ಡು ಮುಳುಗಿದೆ ಅಂತ ಗೊತ್ತಾದ ಆ ಜನ, ಚಪ್ಪಾಳೆ ತಟ್ಟಿದ್ರು. ಉಳಿದ ಕುದುರೆಗಳು ಇನ್ನೂ ಓಡ್ತಿವೆ, ಓಟ ಮುಗಿದಿಲ್ಲ, ಇವರು ನಿಂತ ಕುದುರೆಗೆ ಚಪ್ಪಾಳೆ ಹೊಡೀತಿದಾರೆ. ರೇಸ್ ಕೋರ್ಸಲ್ಲಿ ಸೋತ ಜಾಕಿ ಮೇಲೆ ಬೈಗುಳ ಬೀಳೋದನ್ನ, ಚೀಟಿ ಹರಿದು ಮುಖಕ್ಕೆ ಎಸೆಯೋದನ್ನ ಕಣ್ಣಾರೆ ನೋಡಿದ ನನಗೆ ಇದನ್ನ ಮೊದಲ ಸಲ ನೋಡಿದಾಗ ಗಂಟಲು ಕಟ್ಟಿತ್ತು.

ಅದೇ ಓಟದಲ್ಲಿ ವಾಲಿರಾಮಿಕ್ಸ್ ಅನ್ನೋ ಚಿಕ್ಕ ವಯಸ್ಸಿನ, ತುಂಬಾ ಚೆನ್ನಾಗಿ ಓಡ್ತಿದ್ದ ಕುದುರೆ ಬಿದ್ದು ಏಟಾಗಿ ಸತ್ತೋಯ್ತು. ಇದನ್ನ ಮುಚ್ಚಿಟ್ಟು ಈ ಆಟದ ಬಗ್ಗೆ ಮಾತಾಡೋದು ಸರಿಯಲ್ಲ. ಸ್ವಾನ್ ಎಳೆದ ಆ ಲಗಾಮಿನ ಬೆಲೆ ಎಷ್ಟು ಅಂತ ಅದೇ ಐದು ನಿಮಿಷದಲ್ಲಿ ಅದೇ ಹುಲ್ಲಿನ ಮೇಲೆ ಗೊತ್ತಾಯ್ತು. ಗೆದ್ದಿದ್ದು ಹೋರ್ ಲಾ ಲ್ವಾ, ಎರಡು ವರ್ಷ ಹಿಂದೆ ಇಸ್ತಬ್ರಾಕ್ ಹಿಂದೆ ಬಂದಿದ್ದ ಅದೇ ಕುದುರೆ.

ಇಸ್ತಬ್ರಾಕ್ ಮತ್ತೆ ಓಡ್ಲಿಲ್ಲ. ಹರ್ಡಲ್ ಕುದುರೆಗಳಲ್ಲಿ ಬಹಳಷ್ಟರ ಹಾಗೆ ಇವನದೂ ಬೀಜ ಒಡೆಸಿದ್ರು, ಹಾಗಾಗಿ ವಂಶ ಅಂತ ಮುಂದುವರಿಯಲ್ಲ, ಅಂಥ ಕುದುರೆಯಿಂದ ಮಾಲೀಕನಿಗೆ ಓಟ ಮುಗಿದ ಮೇಲೆ ಒಂದು ಪೈಸೆ ಹುಟ್ಟಲ್ಲ. ಮೆಕ್‌ಮ್ಯಾನಸ್ ಅವನನ್ನ ಲಿಮೆರಿಕ್ ಜಿಲ್ಲೆಯ ಮಾರ್ಟಿನ್ಸ್‌ಟೌನ್‌ನ ತಮ್ಮ ಜಾಗಕ್ಕೆ ಕರ್ಕೊಂಡು ಹೋಗಿ ಹುಲ್ಲುಗಾವಲಿಗೆ ಬಿಟ್ರು. ಅಲ್ಲಿ ರಿಸ್ಕ್ ಆಫ್ ಥಂಡರ್ ಅನ್ನೋ ಇನ್ನೊಂದು ಹಳೇ ರೇಸ್ ಕುದುರೆ ಜೊತೆಗಿದ್ದ. ಕುದುರೆ ಒಂಟಿಯಾಗಿ ಬದುಕಲ್ಲ, ಜೊತೆಗಾರ ಬೇಕೇ ಬೇಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದ್ರು, ‘ಅಲ್ಲಪ್ಪಾ, ಇಷ್ಟೆಲ್ಲ ಓಡಿದ್ದು ಅವನಿಗೆ ಇಷ್ಟ ಇತ್ತಾ?’ ಅಂತ. ಒಳ್ಳೇ ಪ್ರಶ್ನೆ ಅಮ್ಮಾ ಅಂದೆ. ಎಗರೋದು ಇಷ್ಟ ಇಲ್ಲದ ಕುದುರೆನ ಹೊಡೆದು ಒಂದೆರಡು ಓಟ ಎಗರಿಸ್ಬಹುದು, 29 ಓಟ ಆಗಲ್ಲ, ಕಿವಿ ಮುಂದಕ್ಕೆ ಚುಚ್ಚಿಕೊಂಡು ತಡಿಕೆ ಕಡೆ ಓಡೋದನ್ನ ಹೊಡೆದು ಕಲಿಸಕ್ಕೂ ಆಗಲ್ಲ. ಇಷ್ಟು ಹೇಳಬಲ್ಲೆ ಅಂದೆ. ‘ಮತ್ತೆ ಆಮೇಲೆ ಎಷ್ಟು ದಿನ ಇದ್ದ?’ ಅಂದ್ರು. 22 ವರ್ಷ ಅಮ್ಮಾ, ಓಡಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದಿನ ಹುಲ್ಲು ಮೇಯ್ಕೊಂಡಿದ್ದ, ನೋಡಕ್ಕೆ ಬರೋರು ಬರ್ತಾನೇ ಇದ್ರು, 2024ರ ಜುಲೈನಲ್ಲಿ ಹೋದ, 32 ವರ್ಷ ಆಗಿತ್ತು. ಅಜ್ಜಿ ಬೆರಳಲ್ಲಿ ಏನೋ ಲೆಕ್ಕ ಹಾಕಿ, ‘ಹಂಗಾದ್ರೆ ಆ ಹುಡುಗಂಗಿಂತ ಒಂದು ವರ್ಷ ಜಾಸ್ತಿ ಇದ್ದ’ ಅಂದ್ರು. ಡರ್ಕನ್ ವಯಸ್ಸು ಅವರು ನೆನಪಿಟ್ಕೊಂಡಿದ್ರು.